ವಿದ್ಯುತ್ ಕಾರು: ದೂರುಗಳನ್ನು ಮುಚ್ಚಿಡಬೇಕೇ?

ವಯನಾಡು ಜಿಲ್ಲೆಯ ಸುಲ್ತಾನ್ ಬತ್ತೇರಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಹಿಂದೆ ಗಣಪತಿವಟ್ಟಂ ಎಂದು ಕರೆಯಲಾಗುತ್ತಿದ್ದ ಆ ಊರಿನ ಜೈನ ಬಸದಿಯನ್ನು ಟಿಪ್ಪು ಸುಲ್ತಾನನ ಸೈನ್ಯವು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿಕೊಂಡಿತು. ಇಂಗ್ಲಿಷರು ಅದನ್ನು ಸುಲ್ತಾನನ ಬ್ಯಾಟರಿ ಎಂದರು. ಜನರ ಬಾಯಲ್ಲಿ ಅದು ಬತ್ತೇರಿಯಾಯಿತು. ಫಿರಂಗಿಗಳ ಸಾಲಿಗೆ ಆ ಕಾಲದಲ್ಲಿ ಬ್ಯಾಟರಿ ಎಂಬ ಹೆಸರಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಅವರು ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೂ ಅದೇ ಹೆಸರನ್ನಿಟ್ಟರು. ಹೀಗೆ ಊರಿನ ಹೆಸರಿಗೂ ಕಾರಿನೊಳಗಿನ ಬ್ಯಾಟರಿಯ ಹೆಸರಿಗೂ ಮೂಲ ಒಂದೇ. ಇಂದು ಅದೇ ಬತ್ತೇರಿಯ ಬೀದಿಗಳಲ್ಲಿ ವಿದ್ಯುತ್ ಕಾರುಗಳು ಸದ್ದಿಲ್ಲದೆ ಓಡಾಡುತ್ತಿವೆ.

ಈ ಕಾರುಗಳ ಬಗೆಗೆ ನಮ್ಮ ಜನರಲ್ಲಿ ಎರಡು ಪಂಗಡಗಳಾಗಿವೆ. ಒಂದು ಪಂಗಡದವರ ಪ್ರಕಾರ ವಿದ್ಯುತ್ ಕಾರೆಂದರೆ ಚಕ್ರದ ಮೇಲಿಟ್ಟ ಬೆಂಕಿಯ ಕೊಂಡ. ಯಾವಾಗ ಹೊತ್ತಿ ಉರಿಯುವುದೋ, ಯಾವ ಕಾಡಿನ ನಡುವೆ ಕೈಕೊಡುವುದೋ ಹೇಳಲಾಗದು. ಇನ್ನೊಂದು ಪಂಗಡದವರ ಪ್ರಕಾರ ಅದರಷ್ಟು ಶ್ರೇಷ್ಠವಾದ ವಾಹನ ಮತ್ತೊಂದಿಲ್ಲ. ದೂರು ಹೇಳುವವರೆಲ್ಲ ಪ್ರಗತಿಯ ಶತ್ರುಗಳು. ಈ ಎರಡೂ ಮಾತುಗಳನ್ನು ನಾವು ಒಪ್ಪುವುದಿಲ್ಲ. ವಿದ್ಯುತ್ ಕಾರು ನಮ್ಮ ನಾಡಿಗೆ ಬೇಕು. ಆದರೆ ಅದರ ದೋಷಗಳನ್ನು ಬಚ್ಚಿಟ್ಟು ಅದನ್ನು ಬೆಳೆಸಲು ಸಾಧ್ಯವಿಲ್ಲ. ಮಾಲೀಕರು ಹೇಳುವ ದೂರುಗಳೇ ಆ ಕಾರನ್ನು ಸುರಕ್ಷಿತವಾಗಿ ಮಾಡುವ ಮೊದಲ ಸಾಧನ ಎಂಬುದು ನಮ್ಮ ಅಭಿಪ್ರಾಯ. ಏಕೆಂಬುದನ್ನು ಮುಂದೆ ವಿವರಿಸುತ್ತೇವೆ.

ಮೊದಲಿಗೆ ನಮ್ಮದೇ ನಾಡಿನ ಒಂದು ಉದಾಹರಣೆ. ವಿದ್ಯುತ್ ಕಾರು ನಮಗೆ ನಿನ್ನೆ ಮೊನ್ನೆ ಬಂದುದಲ್ಲ. 2001ರಲ್ಲಿಯೇ ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಕಾರು ರಸ್ತೆಗಿಳಿಯಿತು. ಅದರಲ್ಲಿದ್ದುದು ಸೀಸ ಮತ್ತು ಆಮ್ಲದ ಹಳೆಯ ಮಾದರಿಯ ಬ್ಯಾಟರಿ. ಒಮ್ಮೆ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತಿತ್ತು. ಅದು ಲಂಡನ್ ನಗರದಲ್ಲಿ 'ಜಿ-ವಿಜ್' ಎಂಬ ಹೆಸರಿನಿಂದ ಮಾರಾಟವಾಗಿ ಜನಪ್ರಿಯವೂ ಆಯಿತು. ಆದರೆ ಅಲ್ಲಿಯ ಕಾನೂನಿನಲ್ಲಿ ಅದು ಕಾರೇ ಅಲ್ಲ, ಹಗುರವಾದ ನಾಲ್ಕು ಚಕ್ರದ ಬೇರೊಂದು ವಾಹನ! ಆದುದರಿಂದ ಕಾರುಗಳಿಗೆ ಕಡ್ಡಾಯವಾಗಿದ್ದ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಾಗಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆಯೂ ಒಂದು ಮೋಟಾರು ಪತ್ರಿಕೆಯೂ ಅದನ್ನು ಡಿಕ್ಕಿ ಹೊಡೆಸಿ ಪರೀಕ್ಷಿಸಿದಾಗ, ಒಳಗೆ ಕುಳಿತವರ ಪ್ರಾಣಕ್ಕೆ ಅಪಾಯವಿದೆಯೆಂಬುದು ಬಯಲಾಯಿತು. ನಮ್ಮ ನಾಡಿನ ಹೆಮ್ಮೆಯ ಕಾರಿನ ಬಗೆಗೆ ಇಂಥ ಮಾತು ಕೇಳುವುದು ಕಹಿಯೇ ಸರಿ. ಆದರೆ ಆ ಪರೀಕ್ಷೆ ನಡೆಯದಿದ್ದರೆ ಒಳ್ಳೆಯದಿತ್ತೇ?

ಈಗ 2024ಕ್ಕೆ ಬನ್ನಿ. 2023ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿಯೇ 'ಭಾರತ್ ಎನ್‌ಕ್ಯಾಪ್' ಎಂಬ ಡಿಕ್ಕಿ ಪರೀಕ್ಷೆಯ ಕಾರ್ಯಕ್ರಮ ಆರಂಭವಾಯಿತು. ಮರುವರ್ಷವೇ ಭಾರತದಲ್ಲಿ ತಯಾರಾದ ಎರಡು ವಿದ್ಯುತ್ ಕಾರುಗಳು, ಟಾಟಾ ಸಂಸ್ಥೆಯ ಪಂಚ್ ಮತ್ತು ನೆಕ್ಸಾನ್, ಅದರಲ್ಲಿ ಐದಕ್ಕೆ ಐದು ನಕ್ಷತ್ರಗಳನ್ನು ಪಡೆದವು. ಇಪ್ಪತ್ತು ವರ್ಷಗಳೊಳಗೆ ಇಷ್ಟು ದೂರ ಬಂದುದು ದೋಷವನ್ನು ಮರೆಮಾಚಿದ್ದರಿಂದಲ್ಲ; ಪರೀಕ್ಷೆ ಮಾಡಿ, ಫಲಿತಾಂಶವನ್ನು ಎಲ್ಲರ ಮುಂದಿಟ್ಟದ್ದರಿಂದ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದಾಗ ಅಂಕಪಟ್ಟಿಯನ್ನು ಬಚ್ಚಿಡುವ ಹುಡುಗ ಮುಂದಿನ ವರ್ಷವೂ ಅಲ್ಲೇ ಉಳಿಯುತ್ತಾನಲ್ಲವೇ?

ಇನ್ನು ಬೆಂಕಿಯ ಮಾತು. ಜನರ ಮನಸ್ಸಿನಲ್ಲಿ ಹೆಚ್ಚು ಭೀತಿ ಹುಟ್ಟಿಸಿರುವುದು ಇದೇ. 2022ರ ಮಾರ್ಚಿ ತಿಂಗಳಲ್ಲಿ ತಮಿಳುನಾಡಿನ ವೇಲೂರಿನಲ್ಲಿ ವಿದ್ಯುತ್ ಸ್ಕೂಟರಿನಿಂದ ಹೊತ್ತಿದ ಬೆಂಕಿಯ ಹೊಗೆಗೆ ಸಿಲುಕಿ ಒಬ್ಬ ತಂದೆಯೂ ಮಗಳೂ ತಮ್ಮ ಮನೆಯಲ್ಲೇ ಅಸುನೀಗಿದರು. ಅದೇ ವರ್ಷ ಜೂನ್ ತಿಂಗಳಲ್ಲಿ ಮುಂಬಯಿಯ ಬಳಿ ವಸಾಯಿಯಲ್ಲಿ ವಿದ್ಯುತ್ ಕಾರೊಂದು ರಸ್ತೆಯಲ್ಲೇ ಉರಿದುಹೋಯಿತು. ಹೊರದೇಶಗಳಲ್ಲೂ ಹೀಗೆಯೇ. 2021ರಲ್ಲಿ ಅಮೆರಿಕದ ಷೆವ್ರೊಲೆ ಸಂಸ್ಥೆಯು ತನ್ನ 'ಬೋಲ್ಟ್' ಹೆಸರಿನ ಸುಮಾರು 1 ಲಕ್ಷ 40 ಸಾವಿರ ಕಾರುಗಳನ್ನು, ಎಂದರೆ ಅಲ್ಲಿಯವರೆಗೆ ಮಾಡಿದ್ದ ಎಲ್ಲವನ್ನೂ, ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಹುಂಡೈ ಸಂಸ್ಥೆಯು 2020ರ ಡಿಸೆಂಬರಿನಲ್ಲಿ ಭಾರತದಲ್ಲಿ ಮಾರಿದ್ದ 456 'ಕೋನಾ' ಕಾರುಗಳನ್ನು ಬ್ಯಾಟರಿಯ ತಪಾಸಣೆಗಾಗಿ ಕರೆಸಿತು.

ಬ್ಯಾಟರಿ ಏಕೆ ಹೊತ್ತಿಕೊಳ್ಳುತ್ತದೆ? ವಿದ್ಯಾರ್ಥಿಗಳು ಇದನ್ನು ತಿಳಿದಿರಬೇಕು. ಲಿಥಿಯಂ ಬ್ಯಾಟರಿಯೆಂದರೆ ಹಲವಾರು ಚಿಕ್ಕ ಕೋಶಗಳ ಗುಂಪು. ಪ್ರತಿಯೊಂದು ಕೋಶದಲ್ಲಿ ಎರಡು ಧ್ರುವಗಳಿದ್ದು, ಅವು ಒಂದನ್ನೊಂದು ಮುಟ್ಟದಂತೆ ನಡುವೆ ತೆಳುವಾದ ಪರದೆಯಿರುತ್ತದೆ. ಕಾರ್ಖಾನೆಯ ತಪ್ಪಿನಿಂದ ಆ ಪರದೆ ಮಡಚಿಕೊಂಡರೆ, ಅಥವಾ ಪೆಟ್ಟು ತಗುಲಿ ಹರಿದರೆ, ಒಳಗೇ ಶಾರ್ಟ್ ಸರ್ಕಿಟ್ ಆಗಿ ಕೋಶವು ಕಾಯುತ್ತದೆ. ಒಂದು ಕೋಶದ ಕಾವು ಪಕ್ಕದ ಕೋಶವನ್ನು ಕೆಡಿಸುತ್ತದೆ, ಅದು ಮತ್ತೊಂದನ್ನು. ಒಣಗಿದ ಹುಲ್ಲಿನ ಬಣವೆಗೆ ಕಿಡಿ ಬಿದ್ದಂತೆ ಇದು ಹರಡುತ್ತದೆ. ಇಂಥ ಬೆಂಕಿಯನ್ನು ಆರಿಸಲು ಬಹಳ ನೀರು ಬೇಕು. ಆರಿತೆಂದು ತೋರಿದ ಮೇಲೂ ಮತ್ತೆ ಹೊತ್ತಿಕೊಳ್ಳಬಹುದು. ಬೋಲ್ಟ್ ಕಾರಿನಲ್ಲಿ ಆದುದು ಇಂಥದೇ ದೋಷ: ಕೋಶದೊಳಗಿನ ಪಟ್ಟಿ ಹರಿದು, ಪರದೆ ಮಡಚಿಕೊಂಡಿತ್ತು.

ಹಾಗಾದರೆ ಪೆಟ್ರೋಲು ಕಾರು ಉರಿಯುವುದಿಲ್ಲವೇ? ಧಾರಾಳವಾಗಿ ಉರಿಯುತ್ತದೆ. ಸ್ವೀಡನ್ ದೇಶದ ಸರಕಾರಿ ಲೆಕ್ಕವನ್ನು ನೋಡಿದರೆ, ಲಕ್ಷ ಕಾರುಗಳಿಗೆ ಇಷ್ಟು ಎಂದು ಎಣಿಸಿದಾಗ, ಬೆಂಕಿಗೆ ತುತ್ತಾಗುವ ವಿದ್ಯುತ್ ಕಾರುಗಳು ಇತರ ಕಾರುಗಳಿಗಿಂತ ಬಹಳ ಕಡಿಮೆ. ಪೆಟ್ರೋಲು ಕಾರು ಉರಿದರೆ ಅದು ನಮಗೆ ಸುದ್ದಿಯಲ್ಲ. ವಿದ್ಯುತ್ ಕಾರು ಉರಿದರೆ ಊರೆಲ್ಲ ಸುದ್ದಿ. ಆದರೂ ಈ ಲೆಕ್ಕವನ್ನು ಹೇಳಿ ದೂರುಗಾರರ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. 2022ರ ದುರಂತಗಳ ಕೂಗು ಎದ್ದದ್ದರಿಂದಲೇ ಸರಕಾರವು ತಜ್ಞರ ಸಮಿತಿಯನ್ನು ನೇಮಿಸಿ, ಅದೇ ವರ್ಷ ಡಿಸೆಂಬರಿನಿಂದ ಬ್ಯಾಟರಿಗಳ ಸುರಕ್ಷಾ ನಿಯಮಗಳನ್ನು ಬಿಗಿಗೊಳಿಸಿತು. ಕೂಗು ಏಳದೆ ಹೋಗಿದ್ದರೆ ನಿಯಮಗಳು ಅಷ್ಟು ಬೇಗ ಬರುತ್ತಿರಲಿಲ್ಲವೆಂದೇ ನಮ್ಮ ಭಾವನೆ.

ಬೆಂಕಿಗಿಂತ ಹೆಚ್ಚಾಗಿ ಮಾಲೀಕರನ್ನು ಕಾಡುವ ತೊಂದರೆ ಬೇರೆ. ಅದು ಕಾರು ದಾರಿಯಲ್ಲಿ ನಿಂತುಹೋಗುವುದು. ಬಹುತೇಕ ವಿದ್ಯುತ್ ಕಾರುಗಳಲ್ಲಿ ದೊಡ್ಡ ಬ್ಯಾಟರಿಯಲ್ಲದೆ 12 ವೋಲ್ಟಿನ ಚಿಕ್ಕದೊಂದು ಬ್ಯಾಟರಿಯೂ ಇರುತ್ತದೆ. ದೀಪ, ಬಾಗಿಲಿನ ಬೀಗ, ಒಳಗಿನ ಗಣಕಯಂತ್ರ ಇವೆಲ್ಲ ನಡೆಯುವುದು ಅದರಿಂದಲೇ. ಅದು ಬರಿದಾದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರಗೊಳ್ಳದು. ದೊಡ್ಡ ಬ್ಯಾಟರಿಯಿಂದ ಚಿಕ್ಕದನ್ನು ತುಂಬುವ ಯಂತ್ರಭಾಗದಲ್ಲಿ ದೋಷವಿರಬಹುದೆಂದು 2024ರಲ್ಲಿ ಹುಂಡೈ ಸಂಸ್ಥೆಯು ಭಾರತದಲ್ಲಿ 1,744 'ಅಯಾನಿಕ್ 5' ಕಾರುಗಳನ್ನೂ, ಕಿಯಾ ಸಂಸ್ಥೆಯು 1,138 'ಇವಿ 6' ಕಾರುಗಳನ್ನೂ ಹಿಂದಕ್ಕೆ ಕರೆಸಿದವು. ಊಟಕ್ಕೆ ಬೇಕಾದ ಅಕ್ಕಿ ಕಣಜದ ತುಂಬ ಇದ್ದು, ಒಲೆ ಹಚ್ಚಲು ಬೆಂಕಿಕಡ್ಡಿ ಇಲ್ಲದ ಮನೆಯ ಸ್ಥಿತಿ ಅದು!

ನಗರದಲ್ಲಿ ಕಾರು ನಿಂತರೆ ಬಸ್ಸು ಹಿಡಿದು ಮನೆಗೆ ಹೋಗಬಹುದು. ವಯನಾಡಿನ ದಾರಿಯಲ್ಲಿ ನಿಂತರೆ? ಇದನ್ನು ನಾವು ಗಂಭೀರವಾಗಿ ಯೋಚಿಸಬೇಕು. ವಯನಾಡು ಜಿಲ್ಲೆಗೆ ರೈಲು ಇಲ್ಲ. ಹೋಗುವುದೂ ಬರುವುದೂ ರಸ್ತೆಯಿಂದಲೇ. ಕೋಳಿಕೋಡಿನ ಕಡೆಗೆ ತಾಮರಶ್ಶೇರಿ ಘಟ್ಟದ ಒಂಬತ್ತು ತಿರುವುಗಳು; ಮೈಸೂರಿನ ಕಡೆಗೆ ಬಂಡೀಪುರದ ಕಾಡು. ಆ ಕಾಡುದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗಿನ 6ರ ತನಕ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಸಂಜೆ ಎಂಟು ಗಂಟೆಗೆ ಗುಂಡ್ಲುಪೇಟೆ ದಾಟಿದ ಕಾರೊಂದು ಆನೆಗಳು ಓಡಾಡುವ ಆ ರಸ್ತೆಯಲ್ಲಿ ಸುಮ್ಮನೆ ನಿಂತುಬಿಟ್ಟರೆ, ಒಳಗಿರುವ ಮಕ್ಕಳು ಮರಿಗಳ ಪಾಡೇನು? ಗುಂಡ್ಲುಪೇಟೆಯ ತರಕಾರಿ ದಿನವೂ ವಯನಾಡಿಗೆ ಹೋಗುತ್ತದೆ. ವಯನಾಡಿನ ಶುಂಠಿ ಬೆಳೆಗಾರರು ನಮ್ಮ ಕಡೆ ಭೂಮಿ ಗುತ್ತಿಗೆ ಹಿಡಿದು ಬೇಸಾಯ ಮಾಡುತ್ತಾರೆ. ಎರಡೂ ಕಡೆಯ ಜನರಿಗೆ ಈ ದಾರಿ ಜೀವನದ ದಾರಿ. ಆದುದರಿಂದ ಕಾರು ನಂಬಿಕೆಗೆ ಅರ್ಹವೇ ಎಂಬ ಪ್ರಶ್ನೆ ಇಲ್ಲಿ ಶೋಕಿಯ ಪ್ರಶ್ನೆಯಲ್ಲ.

ಘಟ್ಟದ ಲೆಕ್ಕವನ್ನು ಭೌತಶಾಸ್ತ್ರದ ಪಾಠದಂತೆ ಒಮ್ಮೆ ಮಾಡಿ ನೋಡೋಣ. ನಾಲ್ಕು ಜನರು ಕುಳಿತ ಕಾರಿನ ತೂಕ 1,800 ಕಿಲೋಗ್ರಾಂ ಎಂದುಕೊಳ್ಳಿ. ಅದನ್ನು ಅಡಿವಾರದಿಂದ ಲಕ್ಕಿಡಿಯ ಕಡೆಗೆ 600 ಮೀಟರ್ ಎತ್ತರಕ್ಕೆ ಏರಿಸಬೇಕು. 1,800ನ್ನು 9.8ರಿಂದಲೂ 600ರಿಂದಲೂ ಗುಣಿಸಿದರೆ 1 ಕೋಟಿ 5 ಲಕ್ಷ 84 ಸಾವಿರ ಜೂಲ್. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್. ಹಾಗಾದರೆ ಎತ್ತರ ಏರುವುದಕ್ಕೇ ಸುಮಾರು 3 ಯೂನಿಟ್ ಬೇಕಾಯಿತು. 30 ಯೂನಿಟ್ ಹಿಡಿಯುವ ಬ್ಯಾಟರಿಯಲ್ಲಿ ಹತ್ತನೆಯ ಒಂದು ಪಾಲು ಬರಿಯ ಏರಿಗೇ ಹೋಯಿತು. ದಾರಿ ಕ್ರಮಿಸುವ ಖರ್ಚು ಬೇರೆ. 2020ರಲ್ಲಿ ಬಂದ ನೆಕ್ಸಾನ್ ವಿದ್ಯುತ್ ಕಾರಿಗೆ ಅಂಥದೇ ಬ್ಯಾಟರಿಯಿತ್ತು. ಪರೀಕ್ಷಾ ಸಂಸ್ಥೆಯ ಕಾಗದದ ಮೇಲೆ ಅದು ಒಂದು ಚಾರ್ಜಿಗೆ 312 ಕಿಲೋಮೀಟರ್ ಓಡಬೇಕು. ನಿಜವಾದ ರಸ್ತೆಯಲ್ಲಿ ಅದು 200ರ ಸುಮಾರಿಗೆ ನಿಲ್ಲುತ್ತದೆಂದು ಮಾಲೀಕರು ಹೇಳುತ್ತ ಬಂದರು. ಕಾಗದದ ಸಂಖ್ಯೆಯನ್ನು ನಂಬಿ ಹೊರಟವನು ಘಟ್ಟದ ಏಳನೆಯ ತಿರುವಿನಲ್ಲಿ, ಲಾರಿಗಳ ಸಾಲಿನ ನಡುವೆ, ಮುಳ್ಳು ಕೆಳಗಿಳಿಯುವುದನ್ನು ನೋಡುತ್ತ ಕುಳಿತರೆ ಅದು ಅವನೊಬ್ಬನ ತಪ್ಪೇ?

ಇಳಿಯುವಾಗ ಇನ್ನೊಂದು ವಿಚಾರವಿದೆ. ವಿದ್ಯುತ್ ಕಾರು ಇಳಿಜಾರಿನಲ್ಲಿ ತನ್ನ ಮೋಟಾರನ್ನೇ ಡೈನಮೋ ಮಾಡಿಕೊಂಡು ವೇಗವನ್ನು ತಗ್ಗಿಸುತ್ತದೆ. ಹುಟ್ಟಿದ ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುತ್ತದೆ. ಇದು ಬಹು ಸೊಗಸಾದ ಏರ್ಪಾಡು. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ವಿದ್ಯುತ್ತಿಗೆ ಜಾಗವೆಲ್ಲಿ? ತುಂಬಿದ ಕೊಡಕ್ಕೆ ನೀರು ಹಿಡಿಯದು. ಆಗ ಕಾರು ಆ ಹಿಡಿತವನ್ನು ಸಡಿಲಿಸುತ್ತದೆ. ಚಾಲಕನು ಸಾಮಾನ್ಯ ಬ್ರೇಕನ್ನೇ ಹೆಚ್ಚು ಒತ್ತಬೇಕಾಗುತ್ತದೆ. ವೈತಿರಿಯಲ್ಲೋ ಕಲ್ಪೆಟ್ಟದಲ್ಲೋ ರಾತ್ರಿಯಿಡೀ ನೂರಕ್ಕೆ ನೂರು ಚಾರ್ಜು ಮಾಡಿ ಬೆಳಿಗ್ಗೆ ಘಟ್ಟ ಇಳಿಯುವವರು ಇದನ್ನು ತಿಳಿದಿರಬೇಕು. ಇಳಿಯುವ ಮುನ್ನ ಸ್ವಲ್ಪ ಜಾಗ ಬಿಟ್ಟು ತುಂಬಿಸುವುದೇ ಜಾಣತನ. ಇಂಥ ಸರಳವಾದ ಮಾತನ್ನು ಕಾರು ಮಾರುವವರು ಎಷ್ಟು ಮಂದಿಗೆ ಹೇಳುತ್ತಾರೆ?

ಮಳೆಯನ್ನೂ ಮರೆಯುವಂತಿಲ್ಲ. ಲಕ್ಕಿಡಿಯು ಕೇರಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. ಒಳ್ಳೆಯ ಕಾರುಗಳ ಬ್ಯಾಟರಿ ಪೆಟ್ಟಿಗೆಯನ್ನು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ನೀರು ಒಳಹೋಗದಂತೆ ಮಾಡಿರುತ್ತಾರೆ. ಆದುದರಿಂದ ಮಳೆಯಲ್ಲಿ ಓಡಿಸಲು ಹೆದರಬೇಕಾಗಿಲ್ಲ. ಆದರೆ ಪ್ರವಾಹದಲ್ಲಿ ನಿಂತ ಕಾರನ್ನು ಪರಿಣತರು ನೋಡುವ ತನಕ ಚಾಲೂ ಮಾಡಲೂಬಾರದು, ಚಾರ್ಜಿಗೆ ಹಾಕಲೂಬಾರದು. ಮನೆಯಲ್ಲಿ ಚಾರ್ಜು ಮಾಡುವವರು ಮೊದಲು ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಬೇಕು. ತೋಟದ ಹಳೆಯ ಮನೆಗಳಲ್ಲಿ ತಂತಿ ಹಳೆಯದು, ಪ್ಲಗ್ಗು ಸಡಿಲ. ಮಿಕ್ಸಿಗೆ ಸಾಕಾಗುವ ಪ್ಲಗ್ಗಿನಿಂದ ಉದ್ದದ ತಂತಿ ಎಳೆದು ರಾತ್ರಿಯಿಡೀ ಕಾರನ್ನು ಚಾರ್ಜು ಮಾಡಿದರೆ ಕಾಯುವುದು ಕಾರಲ್ಲ, ಗೋಡೆಯೊಳಗಿನ ತಂತಿ. ಅದರಿಂದ ಬರುವ ಅಪಾಯವನ್ನು ಕಾರಿನ ತಲೆಗೆ ಕಟ್ಟುವುದು ಸರಿಯಲ್ಲ. ದೂರು ಹೇಳುವವರಿಗೂ ವಿವೇಕವಿರಬೇಕು.

ಮಕ್ಕಳಿಗೆ ವಿಶೇಷವಾಗಿ ಒಂದು ಮಾತು. ವಿದ್ಯುತ್ ಕಾರು ನಿಧಾನವಾಗಿ ಬರುವಾಗ ಸದ್ದು ಕೇಳಿಸುವುದಿಲ್ಲ. ನಾವು ರಸ್ತೆ ದಾಟುವುದು ಅರ್ಧ ಕಣ್ಣಿನಿಂದ, ಅರ್ಧ ಕಿವಿಯಿಂದ. ಕಣ್ಣು ಕಾಣದವರು ಪೂರ್ತಿಯಾಗಿ ಕಿವಿಯನ್ನೇ ನಂಬಿದ್ದಾರೆ. ಇದನ್ನು ಮನಗಂಡ ಯೂರೋಪಿನ ದೇಶಗಳು 2021ರಿಂದ ಹೊಸದಾಗಿ ಮಾರುವ ಪ್ರತಿ ವಿದ್ಯುತ್ ಕಾರೂ ನಿಧಾನವಾಗಿ ಚಲಿಸುವಾಗ ಸದ್ದು ಮಾಡಬೇಕೆಂದು ಕಡ್ಡಾಯ ಮಾಡಿವೆ. ನಮ್ಮ ಶಾಲೆಗಳ ಮುಂದಿನ ರಸ್ತೆಗಳಿಗೂ ಈ ನಿಯಮ ಬೇಕು. ಅಲ್ಲಿಯ ತನಕ ಮಕ್ಕಳು ಕಿವಿಯನ್ನು ನಂಬದೆ ಎರಡೂ ಕಡೆ ನೋಡಿಯೇ ರಸ್ತೆ ದಾಟಬೇಕು.

ಇಷ್ಟೆಲ್ಲ ತೊಂದರೆಗಳಿದ್ದ ಮೇಲೆ ಈ ಕಾರೇ ಬೇಡವೆಂದುಬಿಟ್ಟರಾಗದೇ ಎಂದು ಕೆಲವು ಪೋಷಕರು ಕೇಳಬಹುದು. 2024ರ ಜುಲೈ 30ರ ಮುಂಜಾವಿನಲ್ಲಿ ವಯನಾಡಿನ ಚೂರಲ್‌ಮಲ ಮತ್ತು ಮುಂಡಕ್ಕೈಗಳಲ್ಲಿ ಗುಡ್ಡ ಕುಸಿದು 250ಕ್ಕೂ ಹೆಚ್ಚು ಜನರು ಸತ್ತುದನ್ನು ನಾವು ಮರೆತಿಲ್ಲ. ಹವಾಮಾನದ ಬದಲಾವಣೆಯಿಂದಾಗಿ ಅಂದಿನ ಮಳೆಯ ಬಿರುಸು ಸುಮಾರು ನೂರಕ್ಕೆ 10ರಷ್ಟು ಹೆಚ್ಚಾಗಿತ್ತೆಂದು ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿ ಹೇಳಿತು. ಪೆಟ್ರೋಲು ಡೀಸೆಲುಗಳ ಹೊಗೆಯೂ ಆ ಬದಲಾವಣೆಗೆ ಕಾರಣಗಳಲ್ಲೊಂದು. ಅದೇ ಜಿಲ್ಲೆಯ ಮೀನಂಗಾಡಿ ಪಂಚಾಯತಿಯು 2016ರಲ್ಲಿಯೇ ಇಂಗಾಲದ ಲೆಕ್ಕವನ್ನು ಸರಿದೂಗಿಸುವ ಯೋಜನೆಯನ್ನು ಕೈಗೊಂಡು ದೇಶದ ಗಮನ ಸೆಳೆದಿದೆ. ನಮ್ಮ ದೇಶದ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲು ಇನ್ನೂ ಕಲ್ಲಿದ್ದಲಿನದೆಂಬುದು ನಿಜ. ಆದರೂ ಹೊಗೆಯ ಕೊಳವೆಯಿಲ್ಲದ ವಾಹನದ ಕಡೆಗೆ ಹೋಗದೆ ನಮಗೆ ಬೇರೆ ದಾರಿಯಿಲ್ಲ. ಹೋಗಲೇಬೇಕಾದ ದಾರಿಯಾದ್ದರಿಂದಲೇ ಅದರ ಕಲ್ಲುಮುಳ್ಳುಗಳನ್ನು ಗುರುತಿಸಿ ಹೇಳುವುದು ಅಗತ್ಯ.

ಆದರೆ ಹೇಳುವವರಾರು? ಕಾರು ಕೆಟ್ಟಿತೆಂದು ಹೇಳಿದರೆ ನಾಳೆ ಮಾರುವಾಗ ಬೆಲೆ ಬರದೆಂದು ಮಾಲೀಕರು ಬಾಯಿ ಬಿಡುವುದಿಲ್ಲ. ಹೆಸರು ಕೆಟ್ಟೀತೆಂದು ತಯಾರಕರು ಬಾಯಿ ಬಿಡುವುದಿಲ್ಲ. ನೆರೆಯವನು ಅದೇ ಕಾರನ್ನು ಕೊಂಡು ಅದೇ ತಿರುವಿನಲ್ಲಿ ನಿಲ್ಲುತ್ತಾನೆ. ತಾಮರಶ್ಶೇರಿ ಘಟ್ಟದ ಬಗೆಗೆ ಒಂದು ಐತಿಹ್ಯವಿದೆ. ಬ್ರಿಟಿಷರಿಗೆ ಮಲೆ ಹತ್ತುವ ದಾರಿಯನ್ನು ತೋರಿಸಿಕೊಟ್ಟವನು ಕರಿಂತಂಡನ್ ಎಂಬ ಆದಿವಾಸಿ. ದಾರಿ ಕಂಡುಹಿಡಿದ ಕೀರ್ತಿ ತನಗೇ ಬರಲೆಂದು ಅಧಿಕಾರಿಯು ಅವನನ್ನು ಕೊಲ್ಲಿಸಿದನಂತೆ. ಅವನ ಆತ್ಮವನ್ನು ಬಂಧಿಸಿದರೆಂದು ಹೇಳುವ ಸರಪಳಿಯ ಮರವು ಲಕ್ಕಿಡಿಯಲ್ಲಿ ಇಂದಿಗೂ ಇದೆ. ಐತಿಹ್ಯ ನಿಜವಿರಲಿ ಬಿಡಲಿ, ಅದರಲ್ಲಿ ಒಂದು ನೀತಿಯಿದೆ. ದಾರಿಯನ್ನು ಬಲ್ಲವನು ಅದರಲ್ಲಿ ನಡೆಯುವವನು. ಅವನ ಮಾತಿಗೆ ಬೆಲೆ ಕೊಡಬೇಕು. ವಿದ್ಯುತ್ ಕಾರಿನ ವಿಚಾರದಲ್ಲಿ ದಾರಿ ಬಲ್ಲವರು ದಿನನಿತ್ಯ ಅದನ್ನು ಓಡಿಸುವವರು.

ಕಾನೂನು ಕೂಡ ಇಂದು ಅವರ ಕಡೆಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ, ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸುವಂತೆ ತಯಾರಕರಿಗೆ ಆಜ್ಞೆ ಮಾಡುವ ಅಧಿಕಾರ ಸರಕಾರಕ್ಕಿದೆ. ಅದೇ ವರ್ಷದ ಗ್ರಾಹಕ ರಕ್ಷಣಾ ಕಾಯಿದೆಯಂತೆ ಜಿಲ್ಲಾ ಗ್ರಾಹಕ ಆಯೋಗದ ಮುಂದೆ ಪರಿಹಾರ ಕೇಳಬಹುದು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದರೆ ಇವೆಲ್ಲವೂ ನಡೆಯುವುದು ಬರೆದಿಟ್ಟ ದೂರಿನ ಮೇಲೆ. ಯಾವ ದಿನ, ಎಲ್ಲಿ, ಎಷ್ಟು ಚಾರ್ಜು ಇದ್ದಾಗ, ಯಾವ ಸೂಚನೆ ಕಂಡಿತು, ದುರಸ್ತಿಗೆ ಎಷ್ಟು ದಿನ ಹಿಡಿಯಿತು ಎಂಬುದನ್ನು ಬರೆದಿಡದೆ ಬರಿದೆ 'ಕಾರು ಸರಿಯಿಲ್ಲ' ಎಂದರೆ ಯಾರೂ ಕೇಳುವುದಿಲ್ಲ. ಹಲವು ತಯಾರಕರು ಬ್ಯಾಟರಿಗೆ 8 ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ತನಕ ಖಾತರಿ ಕೊಡುತ್ತಾರೆ. ಆ ಖಾತರಿ ಪತ್ರದ ಸಣ್ಣ ಅಕ್ಷರಗಳನ್ನು ಕೊಳ್ಳುವ ಮುನ್ನವೇ ಓದಬೇಕು. ಮನೆಯಲ್ಲಿ ಹೈಸ್ಕೂಲು ಓದುವ ಮಗನೋ ಮಗಳೋ ಇದ್ದರೆ ಅವರಿಂದ ಓದಿಸಬೇಕು. ವಿದ್ಯೆಯ ಪ್ರಯೋಜನ ಅದೇ ತಾನೆ?

ಕೊನೆಯದಾಗಿ ನಮ್ಮ ಬೇಡಿಕೆಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಕಾರು ಎಷ್ಟು ದೂರ ಓಡುತ್ತದೆಂಬ ಸಂಖ್ಯೆಯನ್ನು ಸಮತಟ್ಟಿನ ರಸ್ತೆಗೆ ಬೇರೆಯಾಗಿ, ಘಟ್ಟದ ರಸ್ತೆಗೆ ಬೇರೆಯಾಗಿ ಪ್ರಕಟಿಸಬೇಕು. ಕಾಡಿನ ಎರಡೂ ತುದಿಗಳಲ್ಲಿ, ಘಟ್ಟದ ಮೇಲೆ ಮತ್ತು ಬುಡದಲ್ಲಿ, ಕೆಟ್ಟು ನಿಲ್ಲದ ಚಾರ್ಜಿಂಗ್ ಕೇಂದ್ರಗಳಿರಬೇಕು. ಕೆಟ್ಟಿದ್ದರೆ ಮುಂಚಿತವಾಗಿಯೇ ತಿಳಿಯುವಂತಿರಬೇಕು. ಗುಡ್ಡಗಾಡಿನ ಜಿಲ್ಲೆಗಳ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಈ ಕಾರುಗಳ ದುರಸ್ತಿಯನ್ನು ಕಲಿಸಬೇಕು. ಹಾಗೆ ಮಾಡಿದರೆ ಕಾರಿಗೂ ವೈದ್ಯ ಸಿಕ್ಕಾನು, ನಮ್ಮ ಹುಡುಗರಿಗೂ ಉದ್ಯೋಗ ಸಿಕ್ಕೀತು. ತಯಾರಕರು ತಮಗೆ ಬಂದ ದೂರುಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆ ವಿದ್ಯುತ್ತೂ ಮುಟ್ಟಿದರೆ ಕೊಲ್ಲುವಂಥದೇ. ಆದರೂ ಇಂದು ಅದು ಅಡಿಗೆಮನೆಯ ತನಕ ಬಂದಿದೆ. ಫ್ಯೂಸು, ಅರ್ಥಿಂಗ್, ತಪಾಸಣೆ, ನಿಯಮ ಇವುಗಳನ್ನೆಲ್ಲ ಅಪಾಯಗಳಿಂದ ಕಲಿತು ಕಟ್ಟಿಕೊಂಡದ್ದರಿಂದ ಅದು ನಮ್ಮ ಸೇವಕನಾಗಿದೆ. ವಿದ್ಯುತ್ ಕಾರನ್ನೂ ಹಾಗೆಯೇ ಪಳಗಿಸಬೇಕು. ಕಾರು ಕೊಂಡವರು ನಾಚಿಕೆಪಡದೆ ದೋಷವನ್ನು ಹೇಳಲಿ. ಮಾಡಿದವರು ಕೋಪಗೊಳ್ಳದೆ ಕೇಳಲಿ. ಆಳುವವರು ತಡಮಾಡದೆ ವಿಚಾರಿಸಲಿ. ಇಂದು ಈ ಶಾಲೆಯಲ್ಲಿ ವಿಜ್ಞಾನ ಓದುತ್ತಿರುವ ಮಕ್ಕಳಲ್ಲಿ ಒಬ್ಬರಾದರೂ ಮುಂದೆ, ಒಂಬತ್ತು ತಿರುವುಗಳನ್ನೂ ಸುಗಮವಾಗಿ ಏರುವ ಬ್ಯಾಟರಿಯನ್ನು ಮಾಡುವವರಾಗಲಿ ಎಂದು ನಾವು ಹಾರೈಸುತ್ತೇವೆ.